ಗೇಟಿಗೆ ಕ್ಷಮೆ ಕೇಳಿದ ಮೇಷ್ಟ್ರು

ಊರಿನಲ್ಲಿ ಕಾರು ಕಲಿಸುವವರು ನಾಲ್ಕೈದು ಜನ ಇದ್ದರೂ ಪುಕ್ಕಲರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ಒಬ್ಬರನ್ನೇ. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಹದಿನೇಳು ವರ್ಷದಲ್ಲಿ ಒಬ್ಬರ ಮೇಲೂ ದನಿ ಎತ್ತಿದವರಲ್ಲ. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸಿದವರಿಗೂ, ಬ್ರೇಕ್ ಎಂದುಕೊಂಡು ಆಕ್ಸಲರೇಟರ್ ಒತ್ತಿದವರಿಗೂ, ವೈಪರ್ ಹಾಕಿ "ಹಾರ್ನ್ ಕೇಳಿಸ್ತಾನೇ ಇಲ್ಲ" ಎಂದವರಿಗೂ ಅವರು ಹೇಳುತ್ತಿದ್ದುದು ಒಂದೇ ಮಾತು. "ಪರವಾಗಿಲ್ಲ, ನಾನೇ ಸರಿಯಾಗಿ ಹೇಳ್ಲಿಲ್ಲ."

ಆ ವರ್ಷ ಅವರ ಹತ್ತಿರ ಕಲಿಯಲು ಬಂದವರಲ್ಲಿ ಒಬ್ಬರು ನರ್ಸಮ್ಮ. ವಯಸ್ಸು ಅರವತ್ತಮೂರು. ದೊಡ್ಡಾಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ವಾರ್ಡು ನೋಡಿಕೊಂಡು ನಿವೃತ್ತರಾಗಿದ್ದರು. "ಇಷ್ಟು ವರ್ಷ ಬೇರೆಯವರು ಓಡಿಸಿದ ಗಾಡೀಲಿ ಕೂತು ಬ್ರೇಕ್ ಹಾಕಿ ಹಾಕಿ ನನ್ನ ಬಲಗಾಲು ಸವೆದುಹೋಯ್ತು. ಇನ್ನು ನಾನೇ ಓಡಿಸ್ತೀನಿ" ಎಂದು ಮೊದಲ ದಿನವೇ ಘೋಷಿಸಿದ್ದರು. ಕೈಯಲ್ಲಿ ಹೆದರಿಕೆಯೆಂಬುದಿಲ್ಲ. ಆದರೆ ಅಳತೆಯೆಂಬುದೂ ಇಲ್ಲ.

ಆರನೇ ಪಾಠದ ದಿನ ನರ್ಸಮ್ಮ ಗಾಡಿ ಹಿಂದಕ್ಕೆ ತೆಗೆಯಲು ಹೋಗಿ ಮುಂದಕ್ಕೆ ಬಿಟ್ಟು, ಒಂದು ಮನೆಯ ಕಬ್ಬಿಣದ ಗೇಟಿಗೆ ಢಣ್ಣೆಂದು ಗುದ್ದಿದರು. ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿದ್ದರಿಂದ ಪೆಟ್ಟು ಸಣ್ಣದು. ಮನೆಯಾತ ಬನಿಯನ್ನಿನಲ್ಲೇ ಓಡಿ ಬಂದು ನೋಡಿ, "ಏನೂ ಆಗಿಲ್ಲ ಬಿಡಿ, ಆ ಗೇಟು ಮೊದಲೇ ಸೊಟ್ಟ" ಎಂದು ಒಳಗೆ ಹೋದ. ಆದರೂ ಮೇಷ್ಟ್ರು ಅವನ ಬೆನ್ನಿಗೆ ನಾಲ್ಕು ಸಲ ಸಾರಿ ಎಂದರು. ಆಮೇಲೆ ಸುತ್ತ ಯಾರೂ ಇಲ್ಲದಾಗ ಗೇಟನ್ನು ಮೆಲ್ಲಗೆ ಸವರಿ, ಅದಕ್ಕೂ ಒಂದು ಸಾರಿ ಹೇಳಿದರು.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕರು. ತಲೆಯೆತ್ತಿ ನೋಡಿದರೆ ಮೇಷ್ಟ್ರು ನಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತು, ಕೈ ನಡುಗುವುದು ಕಾಣದಿರಲೆಂದು ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡಿದ್ದರು. ಮೂವತ್ತೆಂಟು ವರ್ಷ ವಾರ್ಡಿನಲ್ಲಿ ಓಡಾಡಿದ ಕಣ್ಣು ಅದು, ತಕ್ಷಣ ಹಿಡಿಯಿತು.

"ಮೇಷ್ಟ್ರೇ, ಬೆಳಗ್ಗೆ ಎಷ್ಟೊತ್ತಿಗೆ ಎಚ್ಚರ ಆಗುತ್ತೆ?"

"ಮೂರೂವರೆ, ನಾಲ್ಕು."

"ಊಟ ಸೇರುತ್ತಾ?"

"ತಿಂತೀನಿ."

"ತಿಂತೀರಾ ಅಂತ ಕೇಳಲಿಲ್ಲ. ಸೇರುತ್ತಾ ಅಂದೆ."

ಮೇಷ್ಟ್ರು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದರು. "ಐದು ತಿಂಗಳಾಯ್ತು ಮೇಡಂ. ಎದೆ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗಿದೆ. ಯಾರಿಗೂ ಹೇಳಿಲ್ಲ. ಹೇಳೋಕೆ ಏನಿದೆ? ಹೆಂಡತಿ ಒಳ್ಳೆಯವಳು. ಮಗಳು ಚೂಟಿ. ಕೈತುಂಬ ಕೆಲಸ. ಅಳೋಕೂ ಒಂದು ಕಾರಣ ಬೇಡ್ವಾ?"

"ಜ್ವರ ಅಂತ ಬಂದವರನ್ನ ಕಾರಣ ತೋರಿಸಿ ಅಂತ ನಾನು ಯಾವತ್ತೂ ಬಾಗಿಲಲ್ಲಿ ನಿಲ್ಲಿಸಿಲ್ಲ" ಎಂದರು ನರ್ಸಮ್ಮ. "ಜಾಗ ಬದಲಾಯಿಸಿ. ಮನೆವರೆಗೆ ನೀವೇ ಓಡಿಸಿ. ನಿಮ್ಮ ಮನೆಯವರ ಹತ್ತಿರ ನಾನು ಮಾತಾಡಬೇಕು."

ನರ್ಸಮ್ಮ ಮಾತಾಡಿದರು. ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲೇ ಕುಸಿದು ಕುಳಿತು, "ನನಗೆ ಗೊತ್ತಿತ್ತು. ಕೇಳಿದಾಗಲೆಲ್ಲ ಏನಿಲ್ಲ ಏನಿಲ್ಲ ಅಂತ ನನ್ನನ್ನೇ ಸಮಾಧಾನ ಮಾಡ್ತಿದ್ರು" ಎಂದು ಕಣ್ಣೊರೆಸಿಕೊಂಡರು. ಮರುದಿನವೇ ತಮ್ಮ ಅತ್ತಿಗೆಗೆ, ಅಂದರೆ ಮೇಷ್ಟ್ರ ಅಕ್ಕನಿಗೆ, ಫೋನು ಮಾಡಿದರು.

ಈ ಅಕ್ಕನಿಗೆ ರೇಡಿಯೊ ಅಂತಲೇ ಹೆಸರು. ಬಸ್ ನಿಲ್ದಾಣದ ಹಿಂದೆ ಒಂದು ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಕೂದಲು ಕತ್ತರಿಸಿಕೊಳ್ಳಲು ಹೋದವರು ಊರಿನ ಸುದ್ದಿಯಷ್ಟನ್ನೂ ಕೇಳಿಸಿಕೊಂಡು, ಹೊಟ್ಟೆ ಹಿಡಿದು ನಗುತ್ತ ಹೊರಬರುತ್ತಿದ್ದರು. ತಮ್ಮನಿಗೆ ಹೀಗಂತೆ ಎಂದು ತಿಳಿದದ್ದೇ ಕತ್ತರಿ ಕೆಳಗಿಟ್ಟು, ಒಬ್ಬ ಹೆಂಗಸನ್ನು ಅರ್ಧ ತಲೆಯಲ್ಲೇ ಕೂರಿಸಿ ಓಡಿ ಬಂದಳು. "ಡಾಕ್ಟ್ರ ಹತ್ತಿರ ನಾನೂ ಬರ್ತೀನಿ. ಇವನನ್ನ ಒಬ್ಬನ್ನೇ ಕಳಿಸಿದ್ರೆ ಡಾಕ್ಟ್ರು ಹೇಗಿದ್ದಾರೆ ಅಂತ ವಿಚಾರಿಸಿಕೊಂಡು ವಾಪಸ್ ಬರ್ತಾನೆ."

ನರ್ಸಮ್ಮ ಗೊತ್ತುಮಾಡಿಕೊಟ್ಟ ಮನೋವೈದ್ಯೆಗೆ ಮೂವತ್ತೈದರ ಆಸುಪಾಸು. ಕೋಣೆ ಚಿಕ್ಕದು, ಮೂರು ಕುರ್ಚಿ, ಕಿಟಕಿಯಲ್ಲಿ ಒಂದು ಕುಂಡ. ಅಕ್ಕ, ತಮ್ಮ ಅಕ್ಕಪಕ್ಕ ಕುಳಿತರು.

"ನಿದ್ದೆ ಹೇಗಿದೆ?" ಎಂದು ಡಾಕ್ಟರು ಮೇಷ್ಟ್ರನ್ನು ಕೇಳಿದರು.

"ಇವನಿಗಾ? ಬರೀ ಕೋಳಿನಿದ್ದೆ ಡಾಕ್ಟ್ರೇ" ಎಂದಳು ಅಕ್ಕ.

"ಹಸಿವು?"

"ಗುಬ್ಬಿ ಕುಕ್ಕಿದ ಹಾಗೆ."

"ಚಿಕ್ಕಂದಿನಲ್ಲಿ ಹೇಗಿದ್ರಿ?"

"ಬಂಗಾರ ಕಣ್ರೀ! ಇದ್ದಾನೋ ಇಲ್ವೋ ಗೊತ್ತೇ ಆಗ್ತಿರಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟನೇ ವಯಸ್ಸಿಂದ ಗೊತ್ತಾಗ್ತಿರಲಿಲ್ಲ? ಹುಟ್ಟಿದಾಗಿಂದಾನಾ?"

ಈ ಸಲ ಉತ್ತರ ಮೇಷ್ಟ್ರಿಂದ ಬಂತು.

"ಏಳು ವರ್ಷದವನಾಗಿದ್ದಾಗಿಂದ."

ಅವರು ನೆಲ ನೋಡುತ್ತ ಹೇಳಿದರು. ಅಪ್ಪನಿಗೆ ವಿಪರೀತ ಸಿಟ್ಟು. ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಇವತ್ತು ಹೇಗೆ ಎಂದು ಮಕ್ಕಳಿಬ್ಬರಿಗೂ ತಿಳಿಯುತ್ತಿತ್ತು. ಕೆಟ್ಟ ಸಪ್ಪಳವಾದರೆ ಅಕ್ಕ ಬಾಗಿಲಿಗೆ ಹೋಗಿ ಏನಾದರೊಂದು ಕೋತಿಚೇಷ್ಟೆ ಮಾಡುತ್ತಿದ್ದಳು. ತಾವು ಮಂಚದ ಕೆಳಗೆ. ಒಂದು ಬುಧವಾರ ಬೆಳಗ್ಗೆ ಅಪ್ಪ ಗಡ್ಡ ಮಾಡಿಕೊಳ್ಳುವ ಕನ್ನಡಿ ತಮ್ಮ ಕೈಜಾರಿ ಒಡೆಯಿತು. ಅಪ್ಪ ಹೊಡೆಯಲಿಲ್ಲ. ಚೂರುಗಳನ್ನು ನೋಡಿದರು, "ಈ ಮನೆ ಸಾಕಾಯ್ತು" ಎಂದರು, ಪೆಟ್ಟಿಗೆ ಹಿಡಿದು ಹೊರಟುಹೋದರು. ಅಮ್ಮ ಅಳುತ್ತ, "ಇನ್ನಾದ್ರೂ ಒಳ್ಳೆ ಹುಡುಗನಾಗಿರು, ಅಪ್ಪ ಬರ್ತಾರೆ" ಎಂದರು.

"ನಾನು ಒಳ್ಳೆ ಹುಡುಗನಾದೆ. ನಾಲ್ಕು ತಿಂಗಳಾದ ಮೇಲೆ ಅಪ್ಪ ಬಂದರು." ಮೇಷ್ಟ್ರು ಸ್ವಲ್ಪ ನಕ್ಕರು. "ಆಮೇಲೆ ನಿಲ್ಲಿಸೋಕೆ ಧೈರ್ಯ ಬರಲಿಲ್ಲ."

ಅಕ್ಕ ಕುರ್ಚಿಯಲ್ಲಿ ಪೂರ್ತಿ ಅವರ ಕಡೆ ತಿರುಗಿದಳು. "ಏನೋ ಹೇಳ್ತಿದ್ದೀಯ ನೀನು? ಅಪ್ಪ ಪೆಟ್ಟಿಗೆ ಕಟ್ಟಿದ್ದು ಸೋಮವಾರ ಕಣೋ! ಕೆಲಸದಿಂದ ತೆಗೆದಿದ್ರು, ಅಮ್ಮನ ಜೊತೆ ದೊಡ್ಡ ಜಗಳ ಆಗಿತ್ತು. ಎರಡು ದಿನ ಆ ಪೆಟ್ಟಿಗೆ ಬಾಗಿಲ ಹಿಂದೆ ಇತ್ತು. ಬೇರೆ ಊರಲ್ಲಿ ಕೆಲಸ ಹುಡುಕೋಕೆ ಹೋದ್ರು, ಸಿಗಲಿಲ್ಲ, ವಾಪಸ್ ಬಂದ್ರು. ಅಷ್ಟೇ."

"ಬಾಗಿಲ ಹಿಂದೆ ನಾನು ನೋಡಲಿಲ್ಲ."

"ನಾನು ನೋಡಿದ್ದೆ. ನಿನಗೂ ಗೊತ್ತು ಅಂದ್ಕೊಂಡಿದ್ದೆ. ಮೂವತ್ತಾರು ವರ್ಷ! ಊರಿಗೆಲ್ಲ ಸುದ್ದಿ ಹೇಳ್ತೀನಿ, ನಿನಗೆ ಇದೊಂದು ಹೇಳಲಿಲ್ವಲ್ಲೋ ಮಾರಾಯ!"

ಅವಳ ದನಿಗೆ ಮೇಷ್ಟ್ರಿಗೆ ನಗು ಬಂತು, ನಗುತ್ತಲೇ ಕಣ್ಣೂ ತುಂಬಿತು. ಡಾಕ್ಟರು ಟಿಶ್ಯೂ ಡಬ್ಬಿಯನ್ನು ಇಬ್ಬರ ಮಧ್ಯೆ ಸರಿಸಿದರು.

"ಹಾಗಾದ್ರೆ ನಿಜ ಗೊತ್ತಾಯ್ತಲ್ಲ, ಇನ್ನು ಸರಿಹೋಗ್ತಾನೆ ಅಲ್ವಾ?" ಎಂದು ಅಕ್ಕ ಮೂಗೊರೆಸಿಕೊಳ್ಳುತ್ತ ಕೇಳಿದಳು.

"ಇಷ್ಟು ಬೇಗ ಅಲ್ಲ. ಇದು ಮೂವತ್ತಾರು ವರ್ಷದ ಅಭ್ಯಾಸ. ತಪ್ಪಾದರೆ ಯಾರಾದ್ರೂ ಬಿಟ್ಟುಹೋಗ್ತಾರೆ ಅಂತ ಇವರು ಮೈಗೇ ಕಲಿಸಿಬಿಟ್ಟಿದ್ದಾರೆ. ದಿನಾ ಹತ್ತಾರು ಕಡೆ ತಪ್ಪಾಗೋ ಕೆಲಸ ಬೇರೆ. ದಣಿದಿದ್ದಾರೆ. ಮಾತ್ರೆ ಕೊಡ್ತೀನಿ, ವಾರಕ್ಕೊಂದು ಸಲ ಬಂದು ಮಾತಾಡಲಿ."

"ನಾನೂ ಅದೇ ಮನೇಲಿ ಬೆಳೆದವಳು. ಅದೇ ಅಪ್ಪ. ನನಗೇನೂ ಆಗಲಿಲ್ವಲ್ಲ?"

"ಇವರು ಹುಟ್ಟಾ ಎಲ್ಲಾನೂ ಒಳಗಿಟ್ಟುಕೊಳ್ಳೋ ಸ್ವಭಾವದವರು, ನೀವು ಹೊರಗೆ ಹಾಕೋ ಸ್ವಭಾವದವರು. ಅದೇ ಪೆಟ್ಟು ಇಬ್ಬರಿಗೂ ಬೇರೆ ಬೇರೆ ಕಡೆ ತಾಗಿದೆ" ಎಂದರು ಡಾಕ್ಟರು. "ನಿಮಗೆ ಏನೂ ಆಗಿಲ್ವಾ ಅನ್ನೋದನ್ನ ಇನ್ನೊಂದು ದಿನ ನೋಡೋಣ."

ಮೇಷ್ಟ್ರಿಗೆ ಹೋಂವರ್ಕೂ ಸಿಕ್ಕಿತು. ದಿನಕ್ಕೊಂದು ಸಲ, ಬೇಡವಾದದ್ದನ್ನು ಬೇಡ ಎನ್ನಬೇಕು. ಅದಕ್ಕೆ ಮೇಲ್ವಿಚಾರಕಿ ಒಂಬತ್ತನೇ ಕ್ಲಾಸಿನ ಮಗಳು. ಮೊದಲ ದಿನ ಹೆಂಡತಿ ಎರಡನೇ ಲೋಟ ಕಾಫಿ ತಂದಾಗ ಮೇಷ್ಟ್ರು ಉಸಿರು ಬಿಗಿಹಿಡಿದು, "ಬೇಡ... ನಿನಗೆ ಬೇಜಾರಾಗೋದಾದ್ರೆ ಕೊಡು" ಎಂದರು.

"ಅಪ್ಪಾ, ಫೇಲ್!" ಎಂದಳು ಮಗಳು.

ಎರಡನೇ ವಾರ ಪಾಸಾದರು. ನಾಲ್ಕನೇ ವಾರ ಮತ್ತೆ ಬಿದ್ದರು, ಈ ಸಲ ನಿಜವಾಗಿಯೇ. ಹನ್ನೊಂದು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತಾಗಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿದರು. ಹೆಂಡತಿ ಏನೂ ಬುದ್ಧಿ ಹೇಳದೆ ಪಕ್ಕದಲ್ಲಿ ಕುಳಿತು ಬಟ್ಟೆ ಮಡಚುತ್ತಿದ್ದರು. ಮಗಳು ಅದೇ ಕೋಣೆಯ ನೆಲದ ಮೇಲೆ ಕುಳಿತು ಲೆಕ್ಕ ಬಿಡಿಸಿದಳು. ನರ್ಸಮ್ಮ ಉಳಿದ ಶಿಷ್ಯರಿಗೆಲ್ಲ ಫೋನು ಮಾಡಿ, "ಮೇಷ್ಟ್ರಿಗೆ ಹುಷಾರಿಲ್ಲ, ಎರಡು ವಾರ ಎಲ್ಲರೂ ನಡ್ಕೊಂಡು ಓಡಾಡಿ, ಆರೋಗ್ಯಕ್ಕೆ ಒಳ್ಳೇದು" ಎಂದು ಹೇಳಿದರು. ಹನ್ನೆರಡನೇ ದಿನ ಮೇಷ್ಟ್ರು ಎದ್ದು, ಸ್ನಾನ ಮಾಡಿ, ಕಾರು ತೊಳೆದರು. ಅಂದು ಅಷ್ಟು ಮಾತ್ರ ಆಯಿತು.

ಹೀಗೆ ಮೂರು ತಿಂಗಳು ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಬಂದವಳು, ಬಂದಳೋ ಇಲ್ಲವೋ, "ತಮ್ಮಾ, ನನ್ನ ಗಿರಾಕಿ ಒಬ್ಬಳಿಗೆ ಅರ್ಜೆಂಟಾಗಿ ಡ್ರೈವಿಂಗ್ ಕಲೀಬೇಕಂತೆ. ವಾರದ ದಿನ ಬಿಡುವಿಲ್ವಂತೆ. ಇನ್ನು ಎರಡು ತಿಂಗಳು ಭಾನುವಾರ ನೀನು ಬರ್ತೀಯ ಅಂತ ಹೇಳಿಬಿಟ್ಟಿದ್ದೀನಿ" ಎಂದಳು.

"ಕೇಳದೆ ಯಾಕೆ ಹೇಳಿದೆ?" ಎಂದರು ಮೇಷ್ಟ್ರು.

"ನೀನು ಇಲ್ಲ ಅಂತೀಯಾ?"

"ಅಂತೀನಿ! ನನ್ನ ಭಾನುವಾರ ನನ್ನದು! ನನ್ನನ್ನ ಒಂದು ಮಾತು ಕೇಳದೆ ಕಂಡಕಂಡವರಿಗೆ ಹಂಚೋಕೆ ನೀನ್ಯಾರಕ್ಕಾ?"

ದನಿ ಎಷ್ಟು ಜೋರಾಗಿತ್ತೆಂದರೆ ಎದುರುಮನೆಯ ಕಿಟಕಿ ತೆರೆಯಿತು. ಮಗಳ ಕೈಯಲ್ಲಿದ್ದ ಚಮಚ ಬಾಯಿಯ ಹತ್ತಿರವೇ ನಿಂತಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಸ್ವತಃ ಮೇಷ್ಟ್ರು. ಅಕ್ಕ ಕೈಚೀಲ ಎತ್ತಿಕೊಂಡು ಎದ್ದಳು.

"ಹೋಗ್ತಿದ್ದೀಯಾ?" ಎಂದರು ಮೇಷ್ಟ್ರು. ಏಳು ವರ್ಷದ ಹುಡುಗನ ದನಿ.

"ಎಲ್ಲಿಗೋ ಹೋಗ್ಲಿ? ಊಟಾನೇ ಆಗಿಲ್ಲ ನಂದು. ಫೋನ್ ಹುಡುಕ್ತಿದ್ದೀನಿ." ಫೋನು ಸಿಕ್ಕಿತು. ಮೊದಲು ನರ್ಸಮ್ಮನಿಗೆ ಹಚ್ಚಿದಳು. "ನರ್ಸಮ್ಮಾ, ನನ್ನ ತಮ್ಮ ಈಗ ನನಗೆ ಬೈದ! ಹೌದ್ರೀ, ಬಾಯಿಗೆ ಬಂದ ಹಾಗೆ! ಎದುರುಮನೆಯವರಿಗೂ ಕೇಳಿಸಿದೆ, ಬೇಕಾದ್ರೆ ಕೇಳಿ!" ಆಮೇಲೆ ಆ ಗಿರಾಕಿಗೆ ಫೋನು ಮಾಡಿ ಭಾನುವಾರ ಆಗುವುದಿಲ್ಲ, ತಪ್ಪು ತನ್ನದೇ ಎಂದಳು. ಆಮೇಲೆ ಕುಳಿತು, ತಟ್ಟೆ ಮುಂದಕ್ಕೆಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟವಳು ಅಳತೊಡಗಿದಳು.

ಮೇಷ್ಟ್ರು ಅವಳ ಪಕ್ಕಕ್ಕೆ ಕುರ್ಚಿ ಎಳೆದರು. "ಏನಕ್ಕಾ?"

"ನೀನು ಕೂಗಿ ಎಲ್ಲರ ಮಾತೂ ನಿಂತಾಗ ಎದೆ ಹೇಗೆ ಹೊಡ್ಕೊಳ್ತು ಗೊತ್ತಾ? ನನಗೆ ಯಾವಾಗಲೂ ಹಾಗೇನೇ. ಯಾರಾದ್ರೂ ಸುಮ್ಮನಾದ್ರೆ ಏನೋ ಆಗಿಬಿಡುತ್ತೆ ಅನ್ಸುತ್ತೆ. ಅದಕ್ಕೇ ವಟವಟ ಅಂತೀನಿ. ಮನೇಲಿ ಒಬ್ಬಳೇ ಇದ್ರೆ ಟೀವಿ, ಫ್ಯಾನು, ಮಿಕ್ಸಿ, ಎಲ್ಲಾ ಹಾಕ್ತೀನಿ."

"ಮಿಕ್ಸೀನೂ?"

"ಖಾಲಿ ಮಿಕ್ಸಿ ಕಣೋ!" ಎಂದು ಅವಳು ಅಳುತ್ತಲೇ ನಕ್ಕಳು.

ಮುಂದಿನ ಗುರುವಾರ ಮೇಷ್ಟ್ರು ಡಾಕ್ಟರ ಹತ್ತಿರ ಹೋಗುವಾಗ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅವಳಿಗೆ ಬೇರೆಯದೇ ಸಮಯ, ಬೇರೆಯದೇ ಫೈಲು. ಅವಳು ಒಳಗಿದ್ದ ಮುಕ್ಕಾಲು ಗಂಟೆಯೂ ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಹಳೇ ಪತ್ರಿಕೆ ಓದುತ್ತ ಕುಳಿತಿದ್ದರು. ಬೆಳಗಿನ ಎಚ್ಚರ ಈಗ ಐದೂವರೆಗೆ ಬಂದು ನಿಂತಿತ್ತು. ಕೆಲವು ದಿನ ಎದೆಯ ಮೇಲಿನ ಕಂಬಳಿ ಇನ್ನೂ ಭಾರವೇ. ಕೆಲವು ದಿನ ಅದು ಅಂದು ಬಂದೇ ಇಲ್ಲವೆಂದು ಸಂಜೆಗಷ್ಟೇ ನೆನಪಾಗುತ್ತಿತ್ತು. ಅಂದು ಅವರಿಗೆ ಹಸಿವಾಗಿತ್ತು. ಅಕ್ಕ ಕೆಂಪಗಾದ ಮೂಗಿನೊಂದಿಗೆ ಹೊರಬಂದಾಗ, ಮೊದಲು ಎಲ್ಲಾದರೂ ಕುಳಿತು ತಿನ್ನೋಣ ಎಂದರು. ಇಬ್ಬರೂ ಮೆಟ್ಟಿಲಿಳಿದು, ಮೂಲೆಯ ಹೋಟೆಲಿನ ಕಡೆಗೆ ನಡೆದರು.