ಅಪ್ಪನ ಕಾರು ದಾನಕ್ಕೆ ಹೋದದ್ದು

ಅಪ್ಪನ ಕಾರನ್ನು ದಾನ ಕೊಡುವ ಸುದ್ದಿಯನ್ನು ಅಣ್ಣ ತಂದಾಗ ಸೂಜಿ ತನ್ನ ಹೊಲಿಗೆ ಅಂಗಡಿಯಲ್ಲಿ ಯಾರದೋ ಮನೆಯ ಪರದೆಗೆ ಅಂಚು ಹಾಕುತ್ತಿದ್ದಳು. ಸೂಜಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಅವಳ ಕಸುಬಿಗೂ ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು. ದಾನ ಎಂದ ಕೂಡಲೇ ಅವಳಿಗೆ ಒಂದು ರೀತಿಯ ಸಮಾಧಾನವೇ ಆಯಿತು. ಅಪ್ಪ ಸತ್ತ ಮೇಲೂ ಆ ಕರಿ ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ ಯಜಮಾನನ ಹಾಗೆ ಬಿದ್ದುಕೊಂಡಿತ್ತು. ತೊಲಗಲಿ ಪೀಡೆ ಅಂದುಕೊಂಡಳು.

"ಯಾರಿಗೆ ಕೊಡ್ತೀಯ?"

"ಕಿಡ್ನಿ ರೋಗಿಗಳ ಸಂಘಕ್ಕೆ. ಅವರು ಅದನ್ನ ಮಾರಿ, ರೋಗಿಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಒಂದು ವ್ಯಾನ್ ತಗೋತಾರಂತೆ. ವ್ಯಾನಿನ ಎರಡೂ ಕಡೆ ಅಪ್ಪನ ಹೆಸರು ಬರೆಸ್ತಾರೆ. ದೊಡ್ಡಕ್ಷರದಲ್ಲಿ."

ಮೆಷಿನ್ ತುಳಿಯುತ್ತಿದ್ದ ಅವಳ ಕಾಲು ನಿಂತಿತು.

"ಇನ್ನೊಂದ್ಸಲ ಹೇಳು," ಎಂದಳು.

ಅಣ್ಣ ಹೇಳಿದ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು ಅವಳಿಗೆ.

ಯಾಕೆ ಉರಿಯಿತು ಎಂದರೆ, ಅವರ ಅಮ್ಮ ಸತ್ತದ್ದೂ ಕಿಡ್ನಿ ಕೈಕೊಟ್ಟೇ. ಕೊನೆಯ ನಾಲ್ಕೈದು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್. ಹೋಗುವುದಕ್ಕೆ ಎರಡು ಬಸ್ಸು, ಬರುವುದಕ್ಕೆ ಎರಡು ಬಸ್ಸು. ಹೋಗುವಾಗ ಹೇಗೋ ನಡೆಯುತ್ತಿದ್ದ ಅಮ್ಮ ಬರುವಾಗ ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಿದ್ದಳು. ಸೂಜಿ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಜಾಗ ಸಿಗದಿದ್ದರೆ, "ಸ್ವಲ್ಪ ಎದ್ದೇಳ್ತೀರಾ, ಇವರಿಗೆ ಹುಷಾರಿಲ್ಲ" ಎಂದು ಕಂಡಕಂಡವರ ಮುಂದೆ ಹಲ್ಲು ಗಿಂಜುತ್ತಿದ್ದಳು. ಎಷ್ಟೋ ಸಲ ಅಮ್ಮ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮಗಳ ತೊಡೆಗೆ ತಲೆಯಿಟ್ಟು ಮಲಗಿಬಿಟ್ಟದ್ದೂ ಉಂಟು.

ಅಷ್ಟೂ ದಿನ ಕಾರು ಮನೆಯಲ್ಲೇ ಇತ್ತು.

ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಸತ್ತುಹೋದ ಒಬ್ಬ ಗಿರಣಿ ಮಾಲೀಕನ ಮನೆಯವರಿಂದ ಅದನ್ನು ಕೊಂಡಿದ್ದರು. ಉದ್ದನೆಯ ಮೂತಿ, ಕೆಂಪು ಚರ್ಮದ ಸೀಟು, ಸ್ಟಿಯರಿಂಗಿನ ಹಿಂದೆ ಹೊಳೆಯುವ ಮರದ ಹಲಗೆ. ಹಳೆಯ ಕಾರುಗಳ ಪ್ರದರ್ಶನದಲ್ಲಿ ಬಹುಮಾನ ಹೊಡೆದ ಕಾರು. ಭಾನುವಾರ ಅದಕ್ಕೆ ಸ್ನಾನ, ಆಮೇಲೆ ಮೇಣದ ಮಾಲೀಶು. ತಿಂಗಳಿಗೊಮ್ಮೆ ಊರ ಹೊರಗಿನ ರಸ್ತೆಯಲ್ಲಿ ಅಪ್ಪ ಒಬ್ಬರೇ ಓಡಿಸಿಕೊಂಡು ಬರುತ್ತಿದ್ದರು. ಸೂಜಿ ಕೇಳದೆ ಇದ್ದವಳಲ್ಲ. "ವಾಪಸ್ ಬರೋವಾಗಾದ್ರೂ ಕರ್ಕೊಂಡು ಬನ್ನಿ ಅಪ್ಪ" ಎಂದು ಅಂಗಲಾಚಿದ್ದಳು. "ವಾಂತಿಗೀಂತಿ ಮಾಡ್ಕೊಂಡ್ರೆ? ಆ ಚರ್ಮ ಈಗ ಎಲ್ಲೂ ಸಿಗಲ್ಲ" ಎಂದಿದ್ದರು ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ. ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಬಿಡೇ, ಅವರ ಮನಸ್ಸಿಗೆ ಯಾಕೆ ಬೇಜಾರು ಮಾಡ್ತೀಯ" ಎಂದು ಮಗಳನ್ನೇ ಗದರಿದಳು. ಆ ಹೊತ್ತಿನಲ್ಲಿ ಸೂಜಿಗೆ ಅಪ್ಪನಿಗಿಂತ ಅಮ್ಮನ ಮೇಲೇ ಹೆಚ್ಚು ರೇಗಿಹೋಗಿತ್ತು.

ಈಗ ಅಣ್ಣ ಅವಳ ಮುಂದೆ ಒಂದು ಕಾಗದ ಇಟ್ಟ. ಇಬ್ಬರು ಮಕ್ಕಳ ಸಹಿಯೂ ಬೇಕಂತೆ.

"ಹಾಕಲ್ಲ," ಎಂದಳು.

"ನಿಂಗೆ ತಲೆ ಕೆಟ್ಟಿದ್ಯಾ? ಒಳ್ಳೇ ಕೆಲಸಕ್ಕೆ ಅಡ್ಡ ಬರ್ತೀಯಲ್ಲ!"

"ಕಾರು ಕೊಡು, ಬೇಡ ಅಂದೋರ್ಯಾರು? ಅಪ್ಪನ ಹೆಸರು ಯಾಕೆ? ಯಾವ ಮುಖ ಇಟ್ಕೊಂಡು?"

"ಸತ್ತವರ ಮೇಲೆ ಏನೇ ನಿನ್ನ ಸಿಟ್ಟು?"

"ಅಮ್ಮನೂ ಸತ್ತಿದಾಳೆ. ಅವಳ ಪರವಾಗಿ ನೀನು ಒಂದು ದಿನ ಸಿಟ್ಟು ಮಾಡ್ಕೊಂಡಿದ್ಯಾ?"

ಅಣ್ಣ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಸಮಾರಂಭದ ದಿನ ಗೊತ್ತಾಗಿದೆ, ಪತ್ರಿಕೆಯವರಿಗೆ ಹೇಳಿಯಾಗಿದೆ, ನಾಲ್ಕು ಜನರ ಮುಂದೆ ಅವಳೇ ಸಹಿ ಹಾಕುತ್ತಾಳೆ ಎಂದ. ಅವಳ ಬಾಯಿ ಜನರೆದುರು ಏಳುವುದಿಲ್ಲ ಎಂದು ಅವನ ಲೆಕ್ಕ.

ಸಮಾರಂಭ ನಡೆದದ್ದು ಸಂಘದ ಕಚೇರಿಯ ಹಿಂದಿನ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗರಗರ ಎನ್ನುವ ಮೈಕು. ಕುರ್ಚಿಗಳ ತುಂಬ ರೋಗಿಗಳು, ಅವರ ಜೊತೆ ಬಂದ ಹೆಂಡತಿ, ಗಂಡ, ಮಕ್ಕಳು. ಬಾಗಿಲ ಹೊರಗೆ ಕಾರು ಥಳಥಳ ಹೊಳೆಯುತ್ತ ನಿಂತಿತ್ತು. ಸಂಘದ ಅಧ್ಯಕ್ಷೆ, ನಿವೃತ್ತ ನರ್ಸು, ಎರಡು ಮಾತಾಡಿ ಮೈಕನ್ನು ಅಣ್ಣನಿಗೆ ಕೊಟ್ಟರು.

"ರೋಗಿಗಳ ಕಷ್ಟ ಕಂಡರೆ ನಮ್ಮ ತಂದೆಯವರ ಕರುಳು ಹಿಂಡಿಬರುತ್ತಿತ್ತು," ಎಂದು ಅಣ್ಣ ಶುರು ಮಾಡಿದ.

ಸೂಜಿ ಎದ್ದು ನಿಂತಳು. 

"ಸುಳ್ಳು."

ಕುರ್ಚಿಗಳಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. "ಕೂತ್ಕೋ" ಎಂದು ಅಣ್ಣ ಕಣ್ಣಲ್ಲೇ ಗದರಿಸಿದ. ಅವಳು ಕೂರಲಿಲ್ಲ. ಬಸ್ಸು, ಕಲ್ಲುಬೆಂಚು, ವಾಂತಿ, ಚರ್ಮದ ಸೀಟು ಎಲ್ಲವನ್ನೂ ಹೇಳಿದಳು. "ಅಣ್ಣನ ಮದುವೆಗೆ ಈ ಕಾರು ಹೊರಗೆ ಬಂತು. ಅವತ್ತೂ ನಮ್ಮಮ್ಮ ಬಾಡಿಗೆ ವ್ಯಾನಲ್ಲಿ ಬಂದ್ಲು. ಇದರ ಸೀಟಿನ ಮೇಲೆ ಅವಳು ಒಂದು ದಿನಾನೂ ಕೂತಿಲ್ಲ. ಈಗ ನೀವು ಅಂಥ ಅಪ್ಪನಿಗೆ ಚಪ್ಪಾಳೆ ತಟ್ಟಬೇಕಂತೆ. ತಟ್ತೀರಾ?"

ಯಾರೂ ತಟ್ಟಲಿಲ್ಲ. ಎರಡನೇ ಸಾಲಿನಲ್ಲಿ, ತೋಳಿಗೆ ಹತ್ತಿಪಟ್ಟಿ ಅಂಟಿಸಿಕೊಂಡಿದ್ದ ಒಬ್ಬ ಮುದುಕ ಗಂಟಲು ಸರಿಮಾಡಿಕೊಂಡ.

"ನಿಮ್ಮ ಸಿಟ್ಟು ನ್ಯಾಯವಾದದ್ದೇ ತಾಯಿ. ಆದ್ರೆ ಕಾರು ಕೊಡ್ತೀರೋ, ಇಲ್ಲ ವಾಪಸ್ ತಗೊಂಡು ಹೋಗ್ತೀರೋ? ಅದೊಂದು ಹೇಳ್ಬಿಡಿ. ನಾನು ಬಸ್ಸು ಹಿಡೀಬೇಕು."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಹಾಲಿನ ತುಂಬ ಹಬ್ಬಿತು. ಸೂಜಿ ನಗಲಿಲ್ಲ. ಈ ಮುದುಕನೂ ಬಸ್ಸಿನಲ್ಲಿ ಜಾಗಕ್ಕಾಗಿ ಯಾರದೋ ಮುಖ ನೋಡುತ್ತ ನಿಲ್ಲುತ್ತಾನೆ ಎಂದು ಅವಳಿಗೆ ಹೊಳೆಯಿತು. ಸೀದಾ ವೇದಿಕೆಗೆ ಹೋಗಿ ಪೆನ್ನು ಕೇಳಿದಳು.

"ವ್ಯಾನಿನ ಮೇಲೆ ಅವರ ಹೆಸರು ಇರಬಾರದು," ಎಂದಳು ಅಧ್ಯಕ್ಷೆಗೆ.

"ನಿಮ್ಮ ತಾಯಿಯ ಹೆಸರು ಬರೆಸೋಣವಾ?"

"ಬೇಡ. ಅಪ್ಪನ ಕಾರಿನ ದುಡ್ಡಲ್ಲಿ ಅವಳ ಹೆಸರೂ ಬೇಡ. ಏನೂ ಬರೀಬೇಡಿ."

ಅಧ್ಯಕ್ಷೆ ಅಣ್ಣನ ಕಡೆ ನೋಡಿದರು. ಅವನು ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಪತ್ರಿಕೆಯವನು ಎದುರಿಗೇ ನಿಂತಿದ್ದ. ಸೂಜಿ ಸಹಿ ಹಾಕಿದಳು.

ಹೊರಗೆ ಬಂದ ಮೇಲೆ ಅಣ್ಣ ಅವಳ ದಾರಿಗೆ ಅಡ್ಡ ನಿಂತ. ಮುಖ ಕೆಂಡವಾಗಿತ್ತು. "ಅಪ್ಪನ ಮಾನ ಬೀದಿಗೆ ತಂದ್ಯಲ್ಲ. ಇವತ್ತಿಗೆ ನನಗೆ ತಂಗಿ ಇಲ್ಲ."

"ಅಮ್ಮ ಬೀದೀಲಿ ಮಲಗಿದ್ದಾಗ ನಿಂಗೆ ಅಮ್ಮನೂ ಇರಲಿಲ್ಲ," ಎಂದಳು ಅವಳು, ಅವನನ್ನು ಸುತ್ತಿ ಮುಂದೆ ಹೋದಳು.

ಅಣ್ಣ ಹೇಳಿದಂತೆಯೇ ನಡೆದುಕೊಂಡ, ಮಾತು ಬಿಟ್ಟ. ಅತ್ತಿಗೆ ಕದ್ದುಮುಚ್ಚಿ ಫೋನು ಮಾಡಿ, "ನೀವೇ ಒಂದು ಮಾತು ತಪ್ಪಾಯ್ತು ಅಂದ್ಬಿಡಿ" ಎಂದಳು. ಸೂಜಿ ಅದಕ್ಕೆ ಸೊಪ್ಪು ಹಾಕಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೂಲು ತರಲು ಹೊರಟಿದ್ದ ಅವಳು ಸಿಗ್ನಲ್ಲಿನ ಹತ್ತಿರ ಆ ವ್ಯಾನನ್ನು ಕಂಡಳು. ಬರೀ ಬಿಳಿ, ಒಂದಕ್ಷರವೂ ಇಲ್ಲ; ಓಡಿಸುತ್ತಿದ್ದವನನ್ನು ಸಮಾರಂಭದ ದಿನ ಸಂಘದಲ್ಲಿ ನೋಡಿದ್ದರಿಂದ ಗುರುತು ಹತ್ತಿತು. ಗಾಜಿನ ಹಿಂದೆ ಒಬ್ಬ ಹೆಂಗಸು ಸೀಟಿಗೆ ಒರಗಿ, ಬಾಯಿ ತೆರೆದು, ಲೋಕದ ಪರಿವೆಯಿಲ್ಲದೆ ನಿದ್ದೆ ಹೋಗಿದ್ದಳು. ಡಯಾಲಿಸಿಸ್ ಮುಗಿಸಿ ಬರುತ್ತಿದ್ದಳು ಅಂತ ಕಾಣುತ್ತದೆ. ಡ್ರೈವರು ಹಾಡು ಗುನುಗುತ್ತಿದ್ದ.

ಸೂಜಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಂದು ಸೀಟು, ಒಂದು ಕಿಟಕಿ, ಮನೆಯವರೆಗೆ ಅರ್ಧ ಗಂಟೆಯ ನಿದ್ದೆ. ಇಷ್ಟು ಸಣ್ಣ ಕೆಲಸವಾಗಿತ್ತಲ್ಲ, ಇಷ್ಟೇ ಇಷ್ಟು! ಹಸಿರು ದೀಪ ಬಿತ್ತು, ವ್ಯಾನು ಹೋಯಿತು. ಅವಳು ಫುಟ್‌ಪಾತಿನ ಮೇಲೆ ನಿಂತಲ್ಲೇ ನಿಂತು, ಹೋಗಿಬರುವವರ ಮುಲಾಜಿಲ್ಲದೆ, ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದಳು.