ಹೆಸರು ಇದ್ದದ್ದು

"ಮುಂದಿಂದು ಓದು," ಎಂದ ಸಿದ್ದರಾಯ ಮುತ್ಯಾ.

ಮಾಳಿಂಗ ಹಿತ್ತಾಳೆ ಕೊಡವನ್ನು ಬೆಳಕಿಗೆ ತಿರುಗಿಸಿ ಹಿಡಿದ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರಗಳು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸವೆದಿದ್ದವು. "ಚಿರಂಜೀವಿ ಸೌಭಾಗ್ಯವತಿ... ಸುರೇಖಾ," ಎಂದು ಓದಿ ಬೀಗರ ಕಡೆಯ ಗುಂಪಿಗೆ ಸರಿಸಿದ.

ಕನ್ನೊಳ್ಳಿಯ ಮಾಳಿಂಗನ ಮನೆಯ ಅಂಗಳದಲ್ಲಿ, ಬೇವಿನ ನೆರಳಿಗೆ ಹಿರಿಯರು ಜಮಖಾನೆ ಹಾಸಿ ಕೂತಿದ್ದರು. ಮಾಳಿಂಗ, ಸುರೇಖಾ ಗಂಡ ಹೆಂಡತಿ ಬಿಟ್ಟೆವೆಂದು ಸೋಡಚೀಟಿ ಬರೆಯುವ ಮೊದಲು ಮದುವೆಯ ಸಾಮಾನು ಬೇರೆಯಾಗಬೇಕು. ಬೆಳಿಗ್ಗೆ ಹಿಟ್ಟು ನಾದುವ ಒಂದು ಪರಾತದ ಸಲುವಾಗಿ ಮಾಳಿಂಗನ ತಾಯಿ ರೇವವ್ವನಿಗೂ ಬೀಗರಿಗೂ ಬಾಯಿ ಹತ್ತಿತ್ತು. ಮಾಳಿಂಗನೇ ಬೇಸತ್ತು, "ಜಗಳ ಯಾಕ್ರಿ? ಯಾವುದರ ಮ್ಯಾಲ ಆಕಿ ಹೆಸರೈತಿ, ಅದು ಆಕಿದು. ಮುಗೀತು," ಅಂದಿದ್ದ. "ಶಾಣ್ಯಾ ಮಾತಾಡ್ದಿ," ಎಂದು ಮುತ್ಯಾ ಅದನ್ನೇ ತೀರ್ಮಾನ ಮಾಡಿದ. ದನದ ದವಾಖಾನೆಯ ಕಂಪೌಂಡರ್, ಓದು ಬಲ್ಲವನು ಅಂತ ಓದುವ ಕೆಲಸವೂ ಅವನ ಕೊರಳಿಗೇ ಬಿತ್ತು.

ಸುರೇಖಾ ಕಟ್ಟೆಯ ಕಂಬಕ್ಕೆ ಒರಗಿ ಕೂತಿದ್ದಳು. ಪ್ರತಿ ಸಲ ತನ್ನ ಹೆಸರು ಬಂದಾಗ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸುತ್ತಿದ್ದಳು.

ಕೊನೆಯ ತಂಬಿಗೆ ಸರಿಸಿ ಮಾಳಿಂಗ ಕೈ ಝಾಡಿಸಿಕೊಂಡ. ಆಗ ತವರೂರು ತಾಂಬಾದಿಂದ ಬಂದಿದ್ದ ಅವಳ ತಮ್ಮ ಬೀರಪ್ಪ, "ಇನ್ನೊಂದು ಉಳೀತಲ್ರಿ ಮಾವ, ಓದೂದು," ಅಂದ.

"ಯಾವುದಪಾ?"

ಬೀರಪ್ಪ ಗದ್ದ ಎತ್ತಿ ತಗಡಿನ ಚಪ್ಪರ ತೋರಿಸಿದ. ಅಲ್ಲಿ ಹಾಲಿನ ಬಣ್ಣದ ಹಳೆಯ ಫಿಯಾಟ್ ಕಾರು ನಿಂತಿತ್ತು. ಅದರ ಹಿಂದಿನ ಗಾಜಿನ ತುಂಬ ಕೆಂಪು ಬಣ್ಣದಲ್ಲಿ, ಎರಡೂ ಕಡೆ ಗುಲಾಬಿ ಬರೆದ ಹೆಸರು.

ತೊಂಬತ್ತೊಂದರಲ್ಲಿ, ಮದುವೆಯಾದ ವರ್ಷವೇ, ಸೊಲ್ಲಾಪುರದ ಡಾಕ್ಟರೊಬ್ಬರ ಹಿತ್ತಲಲ್ಲಿ ಬಿದ್ದಿದ್ದ ಗಾಡಿ ಅದು. ಮಾಳಿಂಗ ಎಳೆದು ತಂದು, ಸಿಂದಗಿಯ ಮೆಕ್ಯಾನಿಕ್ ಜೈನುದ್ದೀನನ ಜೊತೆ ಸೇರಿ ಒಂದೊಂದೇ ಸಾಮಾನು ಹುಡುಕಿ ಜೀವ ಬರಿಸಿದ್ದ. ಒಂದು ಸಣ್ಣ ಕೊಕ್ಕೆಗಾಗಿ ಇಬ್ಬರೂ ಮಿರಜಿನ ತನಕ ಬಸ್ಸಿನಲ್ಲಿ ಹೋಗಿ ಬಂದಿದ್ದರು. "ಇಷ್ಟು ಮಾಡಾಕತ್ತಿ, ಹೆಸರೇನ ಇಡ್ತಿ?" ಅಂತ ಜೈನುದ್ದೀನ ಚ್ಯಾಷ್ಟಿ ಮಾಡಿದಾಗ, "ಮನಿಯಾಕಿದs ಬರ್ಸು," ಅಂದಿದ್ದ. ಅಂದಿನಿಂದ, "ಸುರೇಖಾ ಇವತ್ತು ಛಲೋ ಓಡಿದ್ಳು", "ಸುರೇಖಾಗ ಎಣ್ಣಿ ಬದಲಿ ಮಾಡ್ಬೇಕು". ಒಳಗೆ ಒಲೆಯ ಮುಂದೆ ಕೂತವಳಿಗೆ ಎಲ್ಲ ಕೇಳಿಸುತ್ತಿತ್ತು. ಅವಳನ್ನು ಕರೆಯುವುದು ಮಾತ್ರ "ಏ" ಎಂದೇ. ಅವಳು ಗಾಜು ಮುಟ್ಟಿದರೆ, "ಏ, ಕೈ!" ಎಂದು ಹೆಗಲ ಮೇಲಿನ ಹಳದಿ ಅರಿವೆಯಿಂದ ಒರೆಸುತ್ತಿದ್ದ.

"ಆರ್‌ಸಿ ಬುಕ್ಕಿನ್ಯಾಗ ನಿನ್ನ ಹೆಸರೈತಲ್ಲೋ ಮಾಳು, ಬಾಯಿ ಬಿಡೋ!" ಎಂದ ಗೋಡೆಯ ಬದಿಗೆ ನಿಂತಿದ್ದ ಜೈನುದ್ದೀನ.

"ಬುಕ್ಕು ಸರಕಾರದ್ದು ಜೈನು. ಮಾತು ಇವಂದು," ಎಂದ ಮುತ್ಯಾ.

ರೇವವ್ವ ಒಳಗಿನಿಂದಲೇ ಕೂಗಿದಳು: "ಆಕಿಗೆ ಹೊಡಿಯಾಕರೆ ಬರ್ತೈತೇನ? ಕೋಳಿ ಸಾಕ್ತಾಳೇನ ಅದರಾಗ?"

"ಕೋಳಿ ಸಾಕ್ಲಿ, ಕುಳ್ಳ ಒಟ್ಲಿ, ನಿಮಗೇನ್ರೆವಾ?" ಎಂದ ಬೀರಪ್ಪ. ಯಾರೋ ನಕ್ಕರು.

"ಮುತ್ಯಾ, ನಾ ಭಾಂಡೆ ಸಾಮಾನಿನ ಮಾತು ಆಡಿದ್ದು..." ಎಂದ ಮಾಳಿಂಗ.

ಮುತ್ಯಾ ಸುರೇಖಾಳತ್ತ ತಿರುಗಿದ. "ನಿನಗ ಬೇಕೇನವಾ ಗಾಡಿ?"

ಸುರೇಖಾ ಸೆರಗು ಸರಿಮಾಡಿಕೊಂಡಳು. "ಎಂಟು ವರ್ಷ ಬಾಳೇವು ಮಾಡೇನ್ರಿ ಮುತ್ಯಾ. ಅವರ ಬಾಯಾಗ ನನ್ನ ಹೆಸರು ನನಗಂತ ಒಮ್ಮೆನೂ ಬಂದಿಲ್ಲ. ಬೇಕೋ ಬ್ಯಾಡೋ ನನ್ನ ಕೇಳಬ್ಯಾಡ್ರಿ. ಎಲ್ಲಾ ಓದ್ಯಾರಲ್ಲ, ಅದನ್ನೂ ಓದ್ಲಿ."

"ಓದಪಾ," ಎಂದ ಮುತ್ಯಾ.

ಮಾಳಿಂಗ ಗಾಡಿಯ ಹಿಂದೆ ಹೋಗಿ ನಿಂತ. ಗುಲಾಬಿಯ ಒಂದು ಎಸಳು ಬಣ್ಣ ಬಿಟ್ಟಿತ್ತು. ಬರುವ ಸೋಮವಾರ ತಿದ್ದಿಸಬೇಕೆಂದಿದ್ದ.

"ಕೇಳ್ಲಿಲ್ಲಪಾ," ಎಂದ ಮುತ್ಯಾ.

"ಸುರೇಖಾ," ಎಂದ.

ಕೊಡ, ಹಂಡೆ, ಪರಾತ ಡಿಕ್ಕಿಗೆ ಹೋದವು. ಟ್ರ್ಯಾಕ್ಟರ್ ಹೊಡೆದು ರೂಢಿಯಿದ್ದ ಬೀರಪ್ಪ ಕೀಲಿ ತಿರುಗಿಸಿದ. ಗಾಡಿ ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ನಿಂತಿತು. ಎಲ್ಲರೂ ಮಾಳಿಂಗನ ಮುಖ ನೋಡಿದರು. ಅವನು ಸುಮ್ಮನಿದ್ದರೆ ಗಾಡಿ ಇಲ್ಲೇ ಉಳಿಯುತ್ತಿತ್ತೇನೋ. ಬೀರಪ್ಪ ಮೂರನೆಯ ಸಲ ಕೀಲಿ ತಿರುಗಿಸಿ ಹಿಡಿದೇ ಬಿಟ್ಟ. ಒಳಗೆ ಏನೋ ಕರಕರ ಅರೆಯತೊಡಗಿತು.

"ಬಿಡು, ಬಿಡು, ಹಂಗ ಮಾಡಬ್ಯಾಡ!" ಮಾಳಿಂಗ ಓಡಿಹೋಗಿ ಕಿಟಕಿಯೊಳಗೆ ಬಾಗಿದ. "ಚೋಕ್ ಪೂರ್ತಿ ಜಗ್ಗಬ್ಯಾಡ. ಅರ್ಧ ಸಾಕು. ಎರಡು ಸಲ ಕಾಲು ಒತ್ತಿ ಬಿಡು... ಹಾಂ. ಈಗ ಕೀಲಿ."

ಒಂದೇ ಸಲಕ್ಕೆ ಇಂಜಿನ್ ಹತ್ತಿತು. ಜೈನುದ್ದೀನ ಗೋಡೆಯ ಕಡೆ ಮುಖ ತಿರುಗಿಸಿದ.

ಸುರೇಖಾ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ತಾಂಬಾದ ತನಕ ಧೂಳಿನ ದಾರಿ. ಅವಳು ಕೂತ ಬದಿಯ ಕಿಟಕಿ ಗಾಜು ಬರೀ ಹಿಡಿಕೆ ತಿರುಗಿಸಿದರೆ ಏರುವಂಥದ್ದಲ್ಲ. ಹೇಳಬೇಕೆಂದು ಮಾಳಿಂಗ ಬಾಯಿ ತೆರೆದ. "ಏ—" ಎಂದು ತಡೆದುಕೊಂಡ.

ಅಷ್ಟರಲ್ಲಿ ಅವಳು ಒಂದು ಅಂಗೈಯನ್ನು ಗಾಜಿಗೆ ಒತ್ತಿ, ಮೇಲಕ್ಕೆ ಎತ್ತಿಕೊಡುತ್ತ, ಇನ್ನೊಂದು ಕೈಯಿಂದ ಹಿಡಿಕೆ ತಿರುಗಿಸಿದಳು. ಗಾಜು ಪೂರ್ತಿ ಏರಿತು. ಗಾಡಿ ಹೊರಟಿತು. ಐದೂ ಬೆರಳು ಗಾಜಿನ ಮೇಲೆ ಮೂಡಿದ್ದು ಬಿಸಿಲಿಗೆ ಸ್ಪಷ್ಟ ಕಂಡಿತು.

ಮಾಳಿಂಗನ ಕೈ ತಾನಾಗಿ ಹೆಗಲಿಗೆ ಹೋಗಿ ಹಳದಿ ಅರಿವೆಯನ್ನು ಎಳೆದುಕೊಂಡಿತು.