ಶೆಡ್ಡಿನ ಹಿಂದಿನ ದಿಬ್ಬ

ಏಳನೇ ಗ್ರೀನಿನ ಅಂಚಿನಲ್ಲಿ, ಇಬ್ಬನಿಗೆ ನೆಂದ ಒಂದು ಜೊತೆ ಹವಾಯಿ ಚಪ್ಪಲಿ. ಆ ಗಾಲ್ಫ್ ಮೈದಾನವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣಿಸುವುದು ಅದೇ. ಎಡಗಾಲಿನದರ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿತ್ತು. ಅವು ಸಿದ್ದಾಜಮ್ಮನವು. ಹುಲ್ಲು ಗುಡಿಸುವ ಹೆಂಗಸರಲ್ಲಿ ಅವಳೇ ಹಿರಿಯಳು. ಗ್ರೀನೆಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಕಣ; ಅಂಥ ಹದಿನೆಂಟರಲ್ಲಿ ಹದಿನೇಳನ್ನು ಚಪ್ಪಲಿ ಮೆಟ್ಟಿಯೇ ಗುಡಿಸುತ್ತಿದ್ದವಳು ಏಳನೆಯದಕ್ಕೆ ಮಾತ್ರ ಬರಿಗಾಲಲ್ಲಿ ಕಾಲಿಡುತ್ತಿದ್ದಳು. ಅಲ್ಲಿನ ಹುಲ್ಲು ನಾಜೂಕಿರಬೇಕು ಎಂದುಕೊಂಡಿದ್ದೆ. ನಾನು ಯಂತ್ರ ರಿಪೇರಿ ಮಾಡುವವನು, ಹುಲ್ಲಿನ ವಿಚಾರ ನನಗೆಷ್ಟು ಗೊತ್ತು!

ಚಳಿಗಾಲದಲ್ಲಿ ಒಂದು ತಿಂಗಳು ಆಟ ನಿಲ್ಲುತ್ತಿತ್ತು, ನಮಗೆ ಮೈಮುರಿಯುವ ಕೆಲಸ ಶುರುವಾಗುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರಗಳನ್ನೆಲ್ಲ ಬಿಚ್ಚಿ, ತುಕ್ಕು ಕೆರೆದು, ಬ್ಲೇಡು ಮಸೆದು, ಬೇರಿಂಗಿಗೆ ಗ್ರೀಸು ತುಂಬಿ ಮತ್ತೆ ಜೋಡಿಸಬೇಕು. ಶೆಡ್ಡಿನ ಹಿಂದೆ ಒಂದು ದಿಬ್ಬವಿತ್ತು. ಯಂತ್ರದ ಮುಂದಿನ ಚಕ್ರಗಳನ್ನು ಅದಕ್ಕೆ ಹತ್ತಿಸಿ ನಿಲ್ಲಿಸಿದರೆ ಅಡಿಭಾಗ ಸಲೀಸಾಗಿ ಕೈಗೆ ಸಿಗುತ್ತಿತ್ತು. ಮಧ್ಯಾಹ್ನ ಹೆಂಗಸರು ಅದರ ಮೇಲೆಯೇ ಬಿಸಿಲು ಕಾಯಿಸುತ್ತ ಬುತ್ತಿ ಬಿಚ್ಚುತ್ತಿದ್ದರು.

ಗ್ರೀನುಗಳಿಗೆ ತೂತು ಹೊಡೆಯುವುದೂ ಆಗಲೇ. ಯಂತ್ರದ ಟೊಳ್ಳು ಕೊಳವೆಗಳು ನೆಲಕ್ಕೆ ಚುಚ್ಚಿ ಬೆರಳುದ್ದದ ಮಣ್ಣನ್ನು ಎತ್ತಿ ಹೊರಗೆ ಉದುರಿಸುತ್ತವೆ. ಬೇರಿಗೆ ಗಾಳಿ ಸಿಗಲೆಂದು ಹೀಗೆ. ಉದುರಿದ್ದನ್ನು ಗುಡಿಸಿ ಎಸೆಯಬೇಕು. ಸಿದ್ದಾಜಮ್ಮ ಮಾತ್ರ ಏಳನೆಯದರ ಮಣ್ಣನ್ನು ಒಂದು ಹಿಡಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಆ ವರ್ಷ ನಾನು ಸವೆದ ಕೊಳವೆಗಳನ್ನು ಬದಲಿಸುತ್ತಿದ್ದಾಗ ಅವಳೇ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು.

"ಇವನ್ನ ಇನ್ನೊಂದು ಗೇಣು ಉದ್ದ ಮಾಡಕ್ಕಾಯ್ತದಾ ಮಗ?"

"ಯಾಕವ್ವ, ನೀರು ಬರೋ ತನಕ ಕೊರೀಬೇಕಾ?" ಎಂದು ಚುಡಾಯಿಸಿದೆ.

ಅವಳು ನಗಲಿಲ್ಲ. "ಏಳನೇದು ನಮ್ಮ ಅಂಗಳ ಕಣಪ್ಪ," ಎಂದಳು.

ಮೈದಾನವಾಗುವ ಮೊದಲು ಅವರ ಮನೆ ಅಲ್ಲಿತ್ತಂತೆ. ಸುತ್ತಮುತ್ತ ಎಲ್ಲ ಎರೆಮಣ್ಣು, ಮಳೆ ಬಂದರೆ ಕಾಲು ಬಿಡದ ಕರಿ ಕೆಸರು. ಮದುವೆಯಾದ ವರ್ಷ, ಹೆಂಡತಿಯ ಕಾಲು ಕೆಸರಾಗಬಾರದೆಂದು ಗಂಡ ಬೋರಯ್ಯ ಗುಡ್ಡದಿಂದ ಮೂವತ್ತು ಗಾಡಿ ಕೆಮ್ಮಣ್ಣು ಹೊಡೆದು ಅಂಗಳ ಮಾಡಿದ್ದನಂತೆ. ಅವನ ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು, ಈಗ ಹಾಸಿಗೆ ಹಿಡಿದು ಆರು ತಿಂಗಳು.

"ನಮ್ಮ ಅಂಗಳದ ಮಣ್ಣು ತಾ ಅಂತ ಒಂದೇ ಹಟ. ವರ್ಸಾ ವರ್ಸಾ ಒಯ್ದು ಕೊಡ್ತೀನಿ. ಮೂಸಿ ನೋಡಿ, 'ಇದಲ್ಲ ಕಣೇ, ಇದು ಹೊಳೆ ಮರಳು' ಅಂತ ವಾಪಸ್ ಕೊಡ್ತದೆ ಮುದುಕ. ನಮ್ಮ ಮಣ್ಣು ಇನ್ನೂ ಕೆಳಗದೆ. ಬರೋ ಚಳೀಗೆ ಮುದುಕ ಇರಕಿಲ್ಲ ಮಗ. ಒಂದೇ ಒಂದು ಹಿಡಿ ಸಿಕ್ಕಿದ್ರೆ ಸಾಕು."

ಹನ್ನೊಂದು ವರ್ಷ ಆ ಚಪ್ಪಲಿಗಳನ್ನು ನೋಡಿಯೂ ಒಮ್ಮೆಯೂ ಕೇಳದೆ ಹೋದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಯಾರ ಅಪ್ಪಣೆಯೂ ಇಲ್ಲದೆ ನಾಲ್ಕು ಕೊಳವೆಗಳಿಗೆ ತುಂಡು ಬೆಸೆದು ಉದ್ದ ಮಾಡಿದೆ. ಮಾರನೆಯ ಬೆಳಿಗ್ಗೆ ಏಳನೇ ಗ್ರೀನಿಗೆ ಯಂತ್ರ ಇಳಿಸಿದೆ. ಮರಳು ಬಂತು. ಇನ್ನೂ ಮರಳೇ ಬಂತು. ಆಮೇಲೆ ಕರಕರ ಸದ್ದಾಗಿ ಜಲ್ಲಿ ಬಂತು, ಒಂದು ಕೊಳವೆ ಸೊಟ್ಟಗಾಯಿತು. ಸಿದ್ದಾಜಮ್ಮ ಬಗ್ಗಿ ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿದಳು. ಎಲ್ಲಾದರೂ ಒಂದಿಷ್ಟು ಕೆಂಪು ಅಂಟಿರಬಹುದೆಂದು ಹುಡುಕುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಎಂಟನೆಯದಕ್ಕೆ ಹೋದಳು.

ಮಧ್ಯಾಹ್ನ ಜಲ್ಲಿ ಕಂಡ ಮೇಲ್ವಿಚಾರಕ ಉತ್ತಯ್ಯನವರು ಕೆಂಡವಾದರು. "ತಲೆಗಿಲೆ ಕೆಟ್ಟಿದೆಯೇನಯ್ಯಾ ನಿಂಗೆ? ಜಲ್ಲಿ ತನಕ ಯಾರಾದ್ರೂ ಚುಚ್ತಾರಾ?"

"ಹಳೇ ಮಣ್ಣು ಸಿಗುತ್ತೇನೋ ಅಂತ, ಸಾರ್."

"ಗ್ರೀನ್ ಕಟ್ಟೋವಾಗ ಸೊಂಟದಾಳ ಅಗೆದು ಎಲ್ಲಾ ತೆಗೆಸಿ ಜಲ್ಲಿ, ಮರಳು ತುಂಬಿಸಿದ್ದೀನಿ. ಇನ್ನೆಲ್ಲಿಂದ ಬರುತ್ತೆ ಹಳೇ ಮಣ್ಣು?"

"ತೆಗೆಸಿದ್ದು ಎಲ್ಲಿಗೆ ಹೋಯ್ತು ಸಾರ್?"

"ನಿನ್ನ ಶೆಡ್ಡಿನ ಹಿಂದಿನ ದಿಬ್ಬ ಏನು ಆಕಾಶದಿಂದ ಬಿತ್ತಾ?"

ಉಳಿದ ಬೈಗುಳ ನನ್ನ ಕಿವಿಗೆ ಬೀಳಲಿಲ್ಲ. ಓಡಿದೆ. ಹೆಂಗಸರು ದಿಬ್ಬದ ಮೇಲೆ ಉಣ್ಣುತ್ತಿದ್ದರು. "ಒಂಚೂರು ಏಳವ್ವ," ಎಂದು ಸಿದ್ದಾಜಮ್ಮನನ್ನು ಎಬ್ಬಿಸಿ ಅವಳು ಕೂತಿದ್ದ ಜಾಗಕ್ಕೇ ಹಾರೆ ಹಾಕಿದೆ. ಮೇಲೆ ಹುಲ್ಲು, ಗ್ರೀಸಿನ ಜಿಡ್ಡು, ಕರಿಮಣ್ಣು. ಮೊಣಕೈ ಆಳಕ್ಕೆ ಹೋದಾಗ ಹಾರೆಯ ತುದಿ ಕೆಂಪಾಗಿ ಮೇಲೆ ಬಂತು.

"ಅಯ್ಯೋ ನನ್ನಪ್ಪಾ," ಎಂದಳು ಸಿದ್ದಾಜಮ್ಮ. "ಹನ್ನೊಂದು ವರ್ಸ ಇದರ ಮ್ಯಾಲೇ ಕೂತು ಉಂಡ್ನಲ್ಲೋ!" ನಕ್ಕಳು, ನಗುತ್ತಲೇ ಅತ್ತಳು. ಉಳಿದ ಮುದ್ದೆಯನ್ನು ಪಕ್ಕದವಳ ಕೈಗೆ ಕೊಟ್ಟು, ಬುತ್ತಿಯ ಡಬ್ಬಿ ತೊಳೆದು ಒರೆಸಿ, ಅದರ ತುಂಬ ಮಣ್ಣು ತುಂಬಿಕೊಂಡು ಆಗಲೇ ಮನೆಗೆ ಹೊರಟಳು.

ಮರುದಿನ ಕೇಳಿದೆ, "ಏನಂದ್ರವ್ವ ಅವರು?"

"ಬೋ ಹೊತ್ತು ಮೂಸ್ತು. ಇದಲ್ಲ ಅನ್ನಲಿಲ್ಲ. ಆಮ್ಯಾಕೆ, 'ಅಂಗ್ಳ ಗುಡ್ಸಿದ್ಯಾ?' ಅಂತು. ಹೂಂ ಅಂದ್ಬುಟ್ಟೆ." "ಅಂತಾ ಮನುಸಂಗೆ ಸುಳ್ಳು ಹೇಳಬಾರ್ದು ಮಗ," ಎಂದು ಪೊರಕೆ ಎತ್ತಿಕೊಂಡು ದಿಬ್ಬದತ್ತ ನಡೆದಳು.

ಬೋರಯ್ಯ ಆ ಚಳಿಗಾಲ ದಾಟಲಿಲ್ಲ. ಸಿದ್ದಾಜಮ್ಮ ಗುಡಿಸುವುದನ್ನು ಬಿಡಲಿಲ್ಲ. ನಾನು ಮತ್ತೆಂದೂ ದಿಬ್ಬಕ್ಕೆ ಯಂತ್ರ ಹತ್ತಿಸಲಿಲ್ಲ. ಉತ್ತಯ್ಯನವರು ಹುಚ್ಚನೆಂದು ಬೈದರೂ ನೆಲಕ್ಕೆ ಗೋಣಿ ಹಾಸಿ, ಯಂತ್ರದ ಅಡಿ ಅಂಗಾತ ಮಲಗಿಯೇ ಬೋಲ್ಟು ಬಿಗಿಯುತ್ತಿದ್ದೆ. ಆ ಊರು ಬಿಟ್ಟು ಎಷ್ಟೋ ಕಾಲವಾಯಿತು. ಈಗಲೂ ಚಳಿ ಬಿದ್ದ ಬೆಳಿಗ್ಗೆ ಆ ಗೋಣಿಯ ಮೇಲೆ ಇನ್ನೊಮ್ಮೆ ಮಲಗಬೇಕೆಂದು ಜೀವ ತುಡಿಯುತ್ತದೆ. ಅಲ್ಲಿಂದ ಅವಳು ಕಾಣುತ್ತಿರಲಿಲ್ಲ. ಪೊರಕೆಯ ಸರಸರ ಸದ್ದು ಕೇಳುತ್ತಿತ್ತು. ದಿಬ್ಬದ ಬುಡದಲ್ಲಿ, ಇಬ್ಬನಿಯಲ್ಲಿ, ಆ ಪಿನ್ನು ಚುಚ್ಚಿದ ಚಪ್ಪಲಿಗಳು ಕಾಣುತ್ತಿದ್ದವು.